ಆಶಿಂಗ್ ಅಕ್ಕನ ಕಡುಬು ಹರಿದ ಪ್ರಕರಣ

ಅಕ್ಟೋಬರ್ ೧೪, ಮಂಗಳವಾರ

ಇಂದು ಮಧ್ಯಾಹ್ನ ಹನ್ನೊಂದೂ ಮುಕ್ಕಾಲಿಗೆ, ಲಾವ್‌ಷಿಮೆನ್ ಹತ್ತಿರದ ಒಂದು ಓಣಿಯಲ್ಲಿ, ಶಾಂಘಾಯ್ ನಗರದ ನಾಲಿಗೆ ಎಂದು ಸಂಜೆ ಪತ್ರಿಕೆಯ ಓದುಗರು ಕೊಂಡಾಡುವ ತಾವ್ ಯಾಚೆನ್ ಎಂಬಾತ ತನ್ನ ಎದೆಯ ಮೇಲೆ ತಾನೇ ಸಾರು ಸುರಿದುಕೊಂಡನು. ಆ ತಾವ್ ಯಾಚೆನ್ ನಾನೇ. ಇದನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಬರೆಯುವುದಿಲ್ಲ.

ನಗರದ ಅತ್ಯುತ್ತಮ ಸಾರುಗಡುಬು ಯಾವ ಅಂಗಡಿಯದು ಎಂದು ತೀರ್ಪು ಕೊಡುವುದಾಗಿ ‘ನಾಲಿಗೆಯ ನ್ಯಾಯಾಲಯ’ ಅಂಕಣದಲ್ಲಿ ಡಂಗುರ ಹೊಡೆದು ಆರು ವಾರವಾಯಿತು. ಒಟ್ಟು ಮೂವತ್ತು ಅಂಗಡಿ. ಇವತ್ತಿನದು ಹತ್ತೊಂಬತ್ತನೆಯದು, ಗೆನ್‌ದಿ ಎಂಬಾಕೆಯದು. ಆರೇ ಮೇಜು. ಹತ್ತಿ ಗಿರಣಿ ಮುಚ್ಚಿ ಕೆಲಸ ಹೋದ ಮೇಲೆ ಅತ್ತಿಗೆ ಆಶಿಂಗ್‌ಳನ್ನು ಕಟ್ಟಿಕೊಂಡು ಕಳೆದ ವರ್ಷ ತೆರೆದದ್ದಂತೆ. ಗೆನ್‌ದಿ ಗಲ್ಲಾದಲ್ಲಿ. ಆಶಿಂಗ್ ಗಾಜಿನ ಹಿಂದೆ ಕಣಕ ಲಟ್ಟಿಸುತ್ತ, ಹೂರಣ ತುಂಬುತ್ತ, ನಿರಿಗೆ ಹಿಡಿಯುತ್ತ.

ಬುಟ್ಟಿ ಬಂತು. ಎಂಟು ಕಡುಬು. ಕಣಕ ಎಷ್ಟು ತೆಳ್ಳಗಿತ್ತೆಂದರೆ ಒಳಗೆ ಸಾರು ಅಲ್ಲಾಡುವುದು ಹೊರಗಿಂದಲೇ ಕಾಣುತ್ತಿತ್ತು. ಆಗಲೇ ಬಾಯಿಗಿಟ್ಟಿದ್ದರೆ ಈ ಪುಟ ಬರೆಯುವ ಕೆಲಸ ಇರುತ್ತಿರಲಿಲ್ಲ. ಆದರೆ ಎದುರಿಗೆ ಕೂತಿದ್ದ ಗಂಡಹೆಂಡತಿ ಊರಿಗೆ ಹೊಸಬರು. “ಇದನ್ನ ತಿನ್ನೋದು ಹೆಂಗೆ ಸಾರ್?” ಎಂದು ಕೇಳಬಾರದವನನ್ನು ಕೇಳಿಬಿಟ್ಟರು. ನಾನು ಊಟದ ಕಡ್ಡಿ ಎತ್ತಿ ಹಿಡಿದು ಪಾಠ ಶುರುಮಾಡಿದೆ. ಕಡುಬಿನ ಮೇಲಿನ ಜುಟ್ಟು ಹಿಡಿದು ಎತ್ತುವುದು, ಅಂಚಿನಲ್ಲಿ ಮೆಲ್ಲಗೆ ಕಚ್ಚಿ ಕಿಟಕಿ ತೆರೆಯುವುದು, ಸಾರು ಹೀರುವುದು, ಶುಂಠಿ ಎಳೆ ಯಾಕೆ, ವಿನೆಗರ್ ಎಷ್ಟು, ನಮ್ಮ ತಾತನ ಕಾಲದಲ್ಲಿ ಎಷ್ಟು.

ನನ್ನ ಕುರ್ಚಿ ಖಾಲಿಯಾಗಲೆಂದು ಬೆನ್ನಿಗೇ ಅಂಟಿಕೊಂಡು ನಿಂತಿದ್ದ ಮುದುಕರೊಬ್ಬರು ಬಗ್ಗಿ ಹೇಳಿದರು, “ಮೇಷ್ಟ್ರೇ, ಭಾಷಣ ಆಮೇಲಿಟ್ಕೊಳ್ಳಿ. ಆರಿದ್ರೆ ತಳ ಬುಟ್ಟಿ ಚಾಪೆಗೆ ಅಂಟ್ಕೊಳುತ್ತೆ.”

“ಯಾರಿಗೆ ಹೇಳ್ಕೊಡ್ತಿದೀರಿ ಅಂತ ಗೊತ್ತಾ?” ಎಂದು ತಿರುಗಿ ನಕ್ಕು, ಇನ್ನೆರಡು ನಿಮಿಷ ತಾತನ ವಿನೆಗರ್ ವಿಚಾರ ಮುಂದುವರಿಸಿ, ಆಮೇಲೆ ಎತ್ತಿದೆ. ಬರಲಿಲ್ಲ. ಜಗ್ಗಿದೆ. ಬಂತು. ಅರ್ಧ ತಳ ಚಾಪೆಯಲ್ಲೇ ಉಳಿದು, ಸಾರೆಲ್ಲ ಟೈ, ಅಂಗಿ, ಮಣಿಕಟ್ಟು.

ಅಂಗಡಿಗೆ ಅಂಗಡಿಯೇ ನಕ್ಕಿತು. ಮುದುಕರು ಮಾತ್ರ ಗಂಭೀರವಾಗಿ, “ಕಿಟಕಿ ತೆಗೆಯಿರಿ ಅಂದ್ರೆ ಗೋಡೇನೇ ಕೆಡವಿಬಿಟ್ರಲ್ಲ” ಎಂದರು. ಉಳಿದ ಏಳನ್ನು ಮುಟ್ಟದೆ ಎದ್ದು ಬಂದೆ.

ಹೆಂಡತಿ ರುಯ್‌ಫೆನ್ ಕಲೆ ನೋಡಿ ಏನಾಯ್ತೆಂದಳು. ಬಸ್ಸಿನಲ್ಲಿ ಯಾರೋ ಡಿಕ್ಕಿ ಹೊಡೆದರು ಎಂದೆ.


ಅಕ್ಟೋಬರ್ ೧೫, ಬುಧವಾರ

ತೀರ್ಪು ಬರೆದಾಯಿತು. “ಹತ್ತೊಂಬತ್ತನೆಯ ಅಂಗಡಿಯ ಕಣಕ ಒದ್ದೆಯಾದ ಸುದ್ದಿಪತ್ರಿಕೆ, ಎತ್ತಿದರೆ ಹರಿಯುತ್ತದೆ. ಗಿರಣಿಯ ಕೈಗಳು ನೂಲಿಗೇ ಸರಿ, ಹಿಟ್ಟಿಗಲ್ಲ.” ಕೊನೆಯ ಮಾತು ಬರೆದಾಗ ಪೆನ್ನು ತಾನಾಗಿ ಕುಣಿಯಿತು.

ಸುಳ್ಳೇನಲ್ಲ. ಹರಿದದ್ದು ನಿಜ ತಾನೇ? ಯಾಕೆ ಹರಿಯಿತೆಂದು ಬರೆಯುವಷ್ಟು ಜಾಗ ಅಂಕಣದಲ್ಲಿ ಇರುವುದಿಲ್ಲ.


ಅಕ್ಟೋಬರ್ ೧೮, ಶನಿವಾರ

ಇವತ್ತಿನ ಪತ್ರಿಕೆಯಲ್ಲಿ ಬಂತು. ಟ್ರಾಲಿ ಬಸ್ಸಿನಲ್ಲಿ ಇಬ್ಬರು “ನೂಲಿನ ಕೈ” ಎಂದು ಹೇಳಿಕೊಂಡು ನಗುತ್ತಿದ್ದರು. ಲೇಖಕನಿಗೆ ಇದಕ್ಕಿಂತ ಸುಖವಿಲ್ಲ ಎಂದುಕೊಂಡು ಮುಖ ಕಿಟಕಿಗೆ ತಿರುಗಿಸಿಕೊಂಡೆ. ಸುಖಕ್ಕೆ ಕಿವಿ ಯಾಕೆ ಬಿಸಿಯಾಗಬೇಕೋ ತಿಳಿಯದು.

ಮನೆಯಲ್ಲಿ ರುಯ್‌ಫೆನ್ ಪತ್ರಿಕೆ ಮಡಿಸಿ ಅನ್ನದ ಡಬ್ಬಿಯ ಕೆಳಗೆ ಇಟ್ಟಿದ್ದಳು.

“ಓದಿದೆಯಾ?”

“ಓದ್ದೆ.”

“ನಗು ಬರ್ಲಿಲ್ವಾ?”

“ನಮ್ಮಮ್ಮ ಮೂವತ್ತೊಂದು ವರ್ಷ ಗಿರಣೀಲಿ ನೂಲಿನ ಯಂತ್ರದ ಮುಂದೆ ನಿಂತಿದ್ರು ಕಣ್ರೀ. ನಮ್ಮ ಮದ್ವೆ ದಿನ ನಿಮಗೆ ಬಡಿಸಿದ್ದೂ ಅದೇ ಕೈ. ಆವತ್ತು ಮೂರ್ಸಲ ಹಾಕಿಸ್ಕೊಂಡ್ರಿ.”

ಊಟಕ್ಕೆ ಪಾಲಕ್ ಇತ್ತು. ಉಪ್ಪು ಕಡಿಮೆ. ಹೇಳಲಿಲ್ಲ.


ಅಕ್ಟೋಬರ್ ೨೭, ಸೋಮವಾರ

ಮೂವತ್ತೂ ಅಂಗಡಿ ಮುಗಿಯಿತು. ಸಂಪಾದಕ ಚು ದಿನಕ್ಕೆರಡು ಸಲ ಫೋನು: “ಮೇಷ್ಟ್ರೇ, ಯಾರ್ ಗೆದ್ರು? ಮುಖಪುಟದ ಮೂಲೆ ಖಾಲಿ ಇಟ್ಟಿದೀನಿ.”

ಯಾರೂ ಗೆಲ್ಲಲಿಲ್ಲ. ಏಡಿ ತತ್ತಿ ಹಾಕಿ ಮೆರೆಯುವ ದೊಡ್ಡ ಹೋಟೆಲುಗಳು, ಒಂದೊಂದರ ಸಾರಿನಲ್ಲೂ ಏನೋ ಒಂದು ಕಮ್ಮಿ. ಯಾವುದಕ್ಕೆ ಹೋಲಿಸಿ ಕಮ್ಮಿ ಎನ್ನುತ್ತಿದ್ದೇನೆ ಎಂದು ಇವತ್ತು ಹಲ್ಲುಜ್ಜುವಾಗ ಹೊಳೆಯಿತು. ಆವತ್ತು ಓಣಿಯ ತಿರುವಿನಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ನನ್ನ ಮಣಿಕಟ್ಟು ನೆಕ್ಕಿದ್ದೆ.

ಒಂದೇ ನೆಕ್ಕು. ಅದಾದ ಮೇಲಿನ ಹನ್ನೊಂದು ಅಂಗಡಿಗಳನ್ನೂ ಆ ನೆಕ್ಕಿಗೆ ಹೋಲಿಸಿ ಸೋಲಿಸುತ್ತ ಬಂದಿದ್ದೇನೆ.

ಇದು ಹೀಗೇ ಬಿಡುವ ವಿಷಯವಲ್ಲ. ಮತ್ತೊಮ್ಮೆ ಹೋಗಿ ಅದು ಕೆಟ್ಟದ್ದೆಂದು ಸಾಬೀತು ಮಾಡಿಕೊಂಡು ಬರಬೇಕು.


ಅಕ್ಟೋಬರ್ ೨೯, ಬುಧವಾರ

ಹೋದೆ. ಭಾವಮೈದುನನ ಟೋಪಿ, ಮಳೆಯಿಲ್ಲದಿದ್ದರೂ ಮಳೆ ಕೋಟು, ಟೈ ಇಲ್ಲ. ಅಂಗಡಿಯಲ್ಲಿ ಅರ್ಧದಷ್ಟು ಮೇಜು ಖಾಲಿ. ಬುಟ್ಟಿ ಬಂತು.

ದಪ್ಪ! ಕಣಕ ದಪ್ಪ! ಎತ್ತಿದರೆ ಚೆಂಡಿನ ಹಾಗೆ ಬಂತು. ಕಚ್ಚಿದರೆ ಹಲ್ಲಿಗೆ ಹಿಟ್ಟು. ಸಾರು ಒಳಗೆಲ್ಲೋ ದೂರದ ಸಂಬಂಧಿಯ ಹಾಗೆ. ಎಂಟನ್ನೂ ತಿಂದು, ಎಂಟೂ ಸಾಧಾರಣ ಎಂದು ಮನಸ್ಸಿನಲ್ಲೇ ಷರಾ ಬರೆದು, ಹಗುರಾಗಿ ಮನೆಗೆ ಬಂದೆ. ನ್ಯಾಯ ಉಳಿಯಿತು. ಎರಡು ವಾರದಲ್ಲಿ ಮೊದಲ ಸಲ ಮಧ್ಯಾಹ್ನ ನಿದ್ದೆ ಹತ್ತಿತು.


ಅಕ್ಟೋಬರ್ ೩೦, ಗುರುವಾರ

ಸುಮ್ಮನಿರಬೇಕಿತ್ತು. ನನ್ನ ಮಾತು ನಿಜವಾದ ಖುಷಿಯನ್ನು ಇನ್ನೊಂದು ಸಲ ತಿಂದು ಬರೋಣವೆಂದು ಹೋದೆ.

ಅದೇ ಮುದುಕರು ಎದುರಿಗೇ ಬಂದು ಕೂತರು. ಹೆಸರು ಪಾನ್, ಟ್ರಾಮ್ ಕಂಡಕ್ಟರ್ ಆಗಿದ್ದು ನಿವೃತ್ತಿಯಾದವರು, ಅಂಗಡಿ ತೆರೆದ ದಿನದಿಂದ ಇಲ್ಲೇ ಮಧ್ಯಾಹ್ನದ ಊಟ.

“ದಪ್ಪ ಅನ್ಸುತ್ತಾ?” ಎಂದರು.

“ಸ್ವಲ್ಪ,” ಎಂದೆ, ಟೋಪಿ ಇಳಿಸಿಕೊಂಡು.

“ಮುಂಚೆ ಹಿಂಗಿರ್ಲಿಲ್ಲ. ದೀಪ ಹಿಡಿದ್ರೆ ಬೆಳಕು ಆಚೆ ಬರೋದು. ಆಶಿಂಗ್ ಅಕ್ಕ ಗಿರಣೀಲಿ ಕಡಿದ ಎಳೆ ಗಂಟು ಹಾಕ್ತಿದ್ದೋರು, ಆ ಬೆರಳಿಗೆ ಹಿಟ್ಟು ಒಂದು ಲೆಕ್ಕಾನಾ? ಆದ್ರೆ ಯಾರೋ ಒಬ್ಬ ಟೈ ಕಟ್ಕೊಂಡು ಬಂದ. ಗಳಿಗೆಗಟ್ಲೆ ಮಾತಾಡ್ದ. ಕಡುಬು ಪಾಪ ಎಷ್ಟೊತ್ತು ಅಂತ ಕೇಳಿಸ್ಕೊಳುತ್ತೆ? ಅಂಟ್ಕೊಂಡ್ತು. ಹರೀತು. ಹೋಗಿ ಪೇಪರಲ್ಲಿ ಬರ್ದ. ಓಣಿ ಮಕ್ಕಳೆಲ್ಲ ಗಾಜು ತಟ್ಟಿ ‘ನೂಲಿನ ಕೈ, ನೂಲಿನ ಕೈ’ ಅಂತ ಕೂಗಿದ್ರು. ಅವತ್ತಿಂದ ಈಯಮ್ಮ ಹರಿಯದ ಹಾಗೆ ದಪ್ಪ ಲಟ್ಟಿಸ್ತಾರೆ. ಹೆದ್ರಿಕೆ. ದಪ್ಪ ಅಂತ ಗಿರಾಕಿ ಹೋದ್ರು. ಗಿರಾಕಿ ಹೋದ್ರು ಅಂತ, ಬರೋ ತಿಂಗಳ ಕೊನೆಗೆ ಅಂಗಡಿ ಬಿಟ್ಟು ಹೋಗ್ತೀನಿ ಅಂತಿದಾರೆ.”

ನಾನು ಬುಟ್ಟಿಯನ್ನೇ ನೋಡುತ್ತಿದ್ದೆ. ಬುಟ್ಟಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಪಾನ್ ಎದ್ದು ಅಂಗಿ ಕೊಡವಿಕೊಂಡು ಹೇಳಿದರು: “ಟೋಪಿ ಚೆನ್ನಾಗಿದೆ, ಮೇಷ್ಟ್ರೇ. ಟೈ ಎಲ್ಲಿ?”


ನವೆಂಬರ್ ೨, ಭಾನುವಾರ

ಹೊರಗೆ ಹೋಗಲಿಲ್ಲ. ಗಂಜಿ.

ನಾನು ಹೇಳಿದ ಸುಳ್ಳು ಎರಡು ವಾರ ತಾಳ್ಮೆಯಿಂದ ಕೆಲಸ ಮಾಡಿ ತನ್ನನ್ನು ತಾನೇ ನಿಜ ಮಾಡಿಕೊಂಡಿದೆ. ನಾನು ಹೋಗಿ ಅದಕ್ಕೆ ಷರಾ ಬೇರೆ ಬರೆದು ಬಂದೆ. ಆಮೇಲೆ ನಿದ್ದೆ ಮಾಡಿದೆ. ಅದೂ ಗೊರಕೆ ಹೊಡೆದು, ರುಯ್‌ಫೆನ್ ಹೇಳುವ ಪ್ರಕಾರ.


ನವೆಂಬರ್ ೫, ಬುಧವಾರ

ಬರೆದೆ. ಇದ್ದದ್ದನ್ನು ಇದ್ದ ಹಾಗೆ. ಅಂಟಿದ್ದು, ಜಗ್ಗಿದ್ದು, ಟೈ, ಡಿಕ್ಕಿಯ ಸುಳ್ಳು, ಮಣಿಕಟ್ಟು, ಟೋಪಿ. ಮೂವತ್ತರಲ್ಲಿ ಮೊದಲನೆಯದು ಹತ್ತೊಂಬತ್ತನೆಯದೇ, ಅದನ್ನು ಕೆಡಿಸಿದ್ದು ನಾನೇ ಎಂದೂ ಬರೆದೆ. ಬರೆಯುವಾಗ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಸಂಪಾದಕ ಚು ನನ್ನೆದುರೇ ಓದಿದ. ಓದುತ್ತ ಮೇಜು ಬಡಿದ, ಕಣ್ಣೊರೆಸಿಕೊಂಡ. ನಾನೂ ಕರವಸ್ತ್ರ ತೆಗೆದೆ.

“ಮೇಷ್ಟ್ರೇ, ಮಣಿಕಟ್ಟು ನೆಕ್ಕೋದು! ಅಯ್ಯಯ್ಯೋ! ಇಪ್ಪತ್ತು ವರ್ಷದಲ್ಲಿ ನೀವು ಬರೆದಿದ್ರಲ್ಲಿ ಇದೇ ನಂಬರ್ ಒನ್. ಇಷ್ಟೆಲ್ಲ ಕತೆ ಹೆಂಗ್ರೀ ಕಟ್ತೀರಿ?”

“ಕಟ್ಟಿದ್ದಲ್ಲ, ಚು. ನಡೆದದ್ದು.”

“ನೋಡಿ, ಈ ಮುಖ ಇಟ್ಕೊಂಡು ಹೇಳ್ತೀರಲ್ಲ, ಅದೇ ಮಜಾ!”


ನವೆಂಬರ್ ೮, ಶನಿವಾರ

ಪ್ರಕಟವಾಯಿತು. ನಗರ ಹೊಟ್ಟೆ ಹಿಡಿದುಕೊಂಡು ನಗುತ್ತಿದೆ. ಕಚೇರಿಗೆ ಬಂದ ಫೋನುಗಳಲ್ಲಿ ‘ಎಂಥ ವಿನಯ’, ‘ಸೋತ ಅಂಗಡಿಯನ್ನು ಎತ್ತಿ ಹಿಡಿಯುವ ದೊಡ್ಡ ಮನಸ್ಸು’. ಒಬ್ಬ ಮಾತ್ರ, ಗೆನ್‌ದಿ ನನಗೆಷ್ಟು ಕೊಟ್ಟಳೆಂದು ಕೇಳಿದ್ದಾನೆ. ಅವನ ಮೇಲೆ ಸಿಟ್ಟು ಬರಲಿಲ್ಲ. ನಗದೆ ಮಾತಾಡಿದವನು ಅವನೊಬ್ಬನೇ.

ಇಪ್ಪತ್ತು ವರ್ಷ ಎಲ್ಲವನ್ನೂ ತಮಾಷೆಯಾಗಿ ಬರೆದವನು ಒಂದು ದಿನ ನಿಜ ಹೇಳಲು ಹೋದರೆ ಹೀಗಾಗುತ್ತದೆ.

ರುಯ್‌ಫೆನ್ ನಗಲಿಲ್ಲ. “ಇದು ನಿಜ ತಾನೇ?” ಎಂದಳು.

“ಹೌದು.”

“ಅಂಗಿ ಒಗೆಯೋವಾಗ್ಲೇ ಗೊತ್ತಾಯ್ತು. ಯಾವನಾದ್ರೂ ಡಿಕ್ಕಿ ಹೊಡೆದ್ರೆ ಕಲೆ ಪಕ್ಕಕ್ಕಿರುತ್ತೆ. ನಿಮ್ದು ಮೇಲಿಂದ ಕೆಳಕ್ಕೆ ಇತ್ತು.”

“ಮತ್ತೆ ಯಾಕೆ ಸುಮ್ನಿದ್ದೆ?”

“ನೀವಾಗೇ ಹೇಳ್ತೀರೇನೋ ಅಂತ. ಈಗ ಊರಿಗೆಲ್ಲ ಹೇಳಿದ್ರಿ. ಆಯಮ್ಮನಿಗೆ ಹೇಳಿದ್ರಾ?”


ನವೆಂಬರ್ ೧೦, ಸೋಮವಾರ

ಮಧ್ಯಾಹ್ನ ಎರಡೂವರೆಗೆ, ಗಿರಾಕಿ ಇಲ್ಲದ ಹೊತ್ತಿಗೆ ಹೋದೆ. ಟೋಪಿ ಹಾಕಿಕೊಳ್ಳಲಿಲ್ಲ.

ಗೆನ್‌ದಿ ನನ್ನನ್ನು ನೋಡಿ ಗಲ್ಲಾ ಮುಚ್ಚಿದಳು. ಕ್ಷಮಿಸಿ ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ವಾಕ್ಯ ದೊಡ್ಡದಿತ್ತು, ಬಾಯಿಂದ ಬಂದದ್ದು ಆ ಒಂದು ಪದ.

“ಕ್ಷಮೆಯಂತೆ! ಏನ್ ಮಾಡ್ಲಿ ಅದನ್ನ? ಬುಟ್ಟೀಲಿಟ್ಟು ಬೇಯಿಸ್ಲಾ? ನಿಮ್ಮ ಪೇಪರ್ ಓದ್ಕೊಂಡು ನಿನ್ನೆ ಎಂಬತ್ತು ಜನ ಬಂದಿದ್ರು. ದಪ್ಪ ತಿಂದು ಸಪ್ಪಗೆ ಎದ್ದು ಹೋದ್ರು. ಅವ್ರು ಇನ್ನು ಬರಲ್ಲ. ನಮ್ಮತ್ತಿಗೆ ಗಿರಣಿ ಮುಚ್ಚಿದಾಗ ಅಳ್ಲಿಲ್ಲ ಕಣ್ರೀ. ನಮ್ಮಣ್ಣ ಸತ್ತಾಗ ಜನರೆದ್ರು ಅಳ್ಲಿಲ್ಲ. ಆ ಮಕ್ಕಳು ಗಾಜು ತಟ್ಟಿದ ದಿನ ಹಿಟ್ಟಿನ ಡಬ್ಬದ ಹಿಂದೆ ಕೂತು ಅತ್ತಳು.”

ಆಶಿಂಗ್ ಗಾಜಿನ ಹಿಂದಿನಿಂದ ಬಂದರು. ಸಣ್ಣ ಹೆಂಗಸು, ಅರವತ್ತು ಇರಬಹುದು. ಕೈ ಒರೆಸಿಕೊಂಡು ನನಗೆ ಕುರ್ಚಿ ಎಳೆದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನೀವು ಎರಡನೇ ಸಲ ಬರೆದಿದ್ದೂ ಓದ್ದೆ ಮೇಷ್ಟ್ರೇ. ನಿಜಾನೇ ಬರ್ದಿದೀರಿ, ನಾನೇ ನೋಡಿದ್ನಲ್ಲ. ನಗೂನೂ ಬಂತು. ಆದ್ರೆ ಏನ್ ಮಾಡೋದು, ಕೈಗೆ ಓದಕ್ಕೆ ಬರಲ್ವಲ್ಲ.” ಬಲಗೈ ಮುಂದೆ ಹಿಡಿದು, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡರು. “ತೆಳ್ಳಗೆ ಲಟ್ಟಿಸೋಣ ಅಂತ ಕೂತ್ಕೊಂತೀನಿ. ಅಂಚಿಗೆ ಬರೋ ಹೊತ್ಗೆ ನಿಂತ್ಬಿಡುತ್ತೆ. ಒತ್ತಾಯ ಮಾಡಿದ್ರೆ ನಡುಗಿ ನಿರಿಗೆ ಬಿಟ್ಕೊಂಡು ನಿಜವಾಗ್ಲೂ ಹರಿಯುತ್ತೆ.”

“ಅಭ್ಯಾಸ ಮಾಡಿದ್ರೆ…” ಎಂದೆ.

“ಮಾಡ್ಬೋದು. ಹತ್ತು ಮಾಡಿದ್ರೆ ಎಂಟು ಹರಿಯುತ್ತೆ,” ಗೆನ್‌ದಿ ನಡುವೆ ಬಾಯಿ ಹಾಕಿದಳು. “ಹರಿದಿದ್ದನ್ನ ಗಿರಾಕಿಗೆ ಕೊಡೋ ಹಂಗಿಲ್ಲ. ಬಿಸಾಕೋಣ ಅಂದ್ರೆ, ಮೂರು ಗಂಟೆ ಕುದ್ಸಿ, ತಣ್ಣಗೆ ಗಟ್ಟಿ ಮಾಡಿ ಒಳಗಿಡೋ ಸಾರು, ಒಳ್ಳೇ ಮಾಂಸ. ಬಿಸಾಕೋಕೆ ಅತ್ತಿಗೆಗೆ ಮನಸ್ಸು ಬರಲ್ಲ. ಅದಕ್ಕೇ ದಪ್ಪ ಮಾಡ್ಕೊಂಡು ಕೂತಿದಾಳೆ. ಮೂವತ್ತನೇ ತಾರೀಕಿಗೆ ಹೋಗ್ತಾಳಂತೆ, ಮಗಳ ಮನೆಗೆ. ಅಲ್ಲಿ ಕೈ ಕಟ್ಕೊಂಡು ಟಿ.ವಿ. ನೋಡ್ತಾಳಂತೆ.”

“ಹರಿದಿದ್ದನ್ನ ನಾನು ತಿಂತೀನಿ,” ಎಂದೆ. “ಪೂರ್ತಿ ಬೆಲೆಗೆ. ದಿನಾ ಬರ್ತೀನಿ.”

ಇಬ್ಬರೂ ನನ್ನ ಹೊಟ್ಟೆ ನೋಡಿದರು.


ನವೆಂಬರ್ ೧೧, ಮಂಗಳವಾರ

ಬೆಳಿಗ್ಗೆ ಆರಕ್ಕೆ ಹಿಂಬಾಗಿಲಿಂದ. ಹಿಟ್ಟಿನ ಮೂಟೆಯ ಪಕ್ಕ ಒಂದು ಮೋಟು ಸ್ಟೂಲು ಹಾಕಿದ್ದಾರೆ. ಹದಿನಾರು ತೆಳ್ಳಗಿನವು ಮಾಡಿದರು, ಹದಿಮೂರು ಹರಿದವು. ಹದಿಮೂರನ್ನೂ ತಿಂದೆ. ಸಾರು ಹರಿದುಹೋದ ಕಡುಬು ಎಂದರೆ ಮದುವೆ ಮುಗಿದ ಚಪ್ಪರ. ಉಳಿದ ಮೂರು, ಸುದ್ದಿ ತಿಳಿದು ಬೆಳಿಗ್ಗೆಯೇ ಬಂದು ಹೊರಗೆ ಕೂತ ಪಾನ್‌ಗೆ ಹೋದವು.

ಪಾನ್ ಅಡುಗೆಮನೆಗೆ ಇಣುಕಿ, “ನ್ಯಾಯಮೂರ್ತಿಗಳು ಕಸದ ಬುಟ್ಟಿಯಾಗಿ ಬಡ್ತಿ ಪಡೆದ್ರು” ಎಂದರು. ತಕ್ಕ ಉತ್ತರ ಇತ್ತು, ಬಾಯಿ ತುಂಬಿತ್ತು.


ನವೆಂಬರ್ ೧೪, ಶುಕ್ರವಾರ

ಹನ್ನೊಂದು. ಎಲ್ಲ ತಿಂದೆ.

ಚು ಫೋನು ಮಾಡಿದ: ಮುಂದಿನ ಸರಣಿ ಯಾವುದು, ಹುರಿದ ಕಡುಬೋ, ನೂಡಲ್ಸೋ? ಸದ್ಯ ನ್ಯಾಯಾಲಯಕ್ಕೆ ರಜೆ ಎಂದೆ. ಎಷ್ಟು ದಿನ? ಗೊತ್ತಿಲ್ಲ ಎಂದೆ. ಮತ್ತೆ ನಕ್ಕ.


ನವೆಂಬರ್ ೧೮, ಮಂಗಳವಾರ

ಏಳು.

ಹೊಟ್ಟೆ ಕಲ್ಲು. ರುಯ್‌ಫೆನ್ ಅರಗಲೆಂದು ಹುಳಿಹಣ್ಣಿನ ಬಿಲ್ಲೆ ಜೇಬಿಗೆ ತುಂಬಿ ಕಳಿಸುತ್ತಿದ್ದಾಳೆ. ಇವತ್ತು ತಾನೂ ಬಂದಳು. ನನ್ನ ಕಡೆ ನೋಡದೆ ನೇರ ಆಶಿಂಗ್ ಹತ್ತಿರ ಹೋಗಿ, ನಮ್ಮಮ್ಮ ಇಂಥ ಗಿರಣಿ, ಇಂಥ ಪಾಳಿ ಎಂದಳು. ಆಮೇಲೆ ಇಬ್ಬರೂ ಮೇಸ್ತ್ರಿಗಳನ್ನೆಲ್ಲ ಹೆಸರು ಹಿಡಿದು ಬೈಯುತ್ತ ಕೂತರು. ಮಾತಿನ ಭರದಲ್ಲಿ ಆಶಿಂಗ್ ಕೈ ನೋಡಿಕೊಳ್ಳುವುದನ್ನೇ ಮರೆತಿದ್ದರು. ಏಳು ಆದದ್ದು ಅದಕ್ಕೇ ಇರಬೇಕು. ನಾನು ಮೂಲೆಯಲ್ಲಿ ಕೂತು ತಿಂದೆ.


ನವೆಂಬರ್ ೨೨, ಶನಿವಾರ

ಹದಿನೈದು.

ನಿನ್ನೆ ಹರಿದವುಗಳ ಲೆಕ್ಕ ಐದಕ್ಕೆ ಇಳಿದಿತ್ತು. ಇವತ್ತು ಬೆಳಿಗ್ಗೆ ಯಾರೋ ಓದುಗ ಮಹಾಶಯ ನನ್ನನ್ನು ಅಂಗಡಿಯ ಮುಂದೆಯೇ ಗುರುತು ಹಿಡಿದು, ಕೈ ಕುಲುಕಿ, ದೊಡ್ಡ ಗಂಟಲಲ್ಲಿ, “ಗಿರಣಿಯ ಕೈಗಳು ನೂಲಿಗೇ ಸರಿ! ಆಹಾ, ಎಂಥ ಸಾಲು ಸಾರ್ ಅದು! ನಮ್ಮ ಮನೇಲಿ ದಿನಾ ಹೇಳ್ತೀವಿ” ಎಂದ. ಗಾಜಿನಾಚೆ ಲಟ್ಟಣಿಗೆಯ ಸದ್ದು ನಿಂತಿತು.

ಅವನಿಗೆ ಏನು ಹೇಳಲಿ? ಅವನು ನನ್ನ ಮಾತನ್ನೇ ನನಗೆ ಕೊಟ್ಟದ್ದು, ಒಂದಕ್ಷರ ಬದಲಾಯಿಸದೆ.

ಒಳಗೆ ಹೋದೆ. ಆಶಿಂಗ್ ತಲೆ ಎತ್ತಲಿಲ್ಲ. ಒಂದೊಂದೇ ಹರಿದದ್ದು ಬಂತು. ಹದಿನೈದನ್ನೂ ತಿಂದೆ. ಹನ್ನೆರಡನೆಯದರ ಹೊತ್ತಿಗೆ ಕಣ್ಣಲ್ಲಿ ನೀರು. ಗೆನ್‌ದಿ ನೋಡಿ, “ಸಾಕು ಬಿಡ್ರೀ, ಸತ್ತುಗಿತ್ತು ಹೋದ್ರೆ ಅದಕ್ಕೂ ನಾವೇ ಹೊಣೆ” ಎಂದಳು. ವಿನೆಗರ್ ಖಾರ ಎಂದೆ. ವಿನೆಗರ್ ಖಾರವಿರುವುದಿಲ್ಲ ಎಂದು ಅವಳಿಗೂ ಗೊತ್ತು. ಬಾಟಲಿ ತೆಗೆದು ದೂರ ಇಟ್ಟಳು.


ನವೆಂಬರ್ ೨೩, ಭಾನುವಾರ

ಹದಿನಾಲ್ಕು.


ನವೆಂಬರ್ ೨೪, ಸೋಮವಾರ

ಹಿಂಬಾಗಿಲು ತೆರೆದಿತ್ತು, ಸ್ಟೂಲು ಇರಲಿಲ್ಲ. ಇನ್ನು ಬೇಡವೆಂದು ಅರ್ಥ ಮಾಡಿಕೊಂಡು ತಿರುಗಿದೆ. ಆಶಿಂಗ್ ಕರೆದರು. ಸ್ಟೂಲನ್ನು ತಮ್ಮ ಹಲಗೆಯ ಎದುರಿಗೆ ಹಾಕಿದ್ದರು, ಕೈ ಕಾಣುವಷ್ಟು ಹತ್ತಿರ.

“ಆ ಮೂಲೇಲಿ ಕೂತು ನೀವು ಕಚ್ಚೋ ಸದ್ದು ಕೇಳಿದ್ರೆ ನಂಗೆ ಎದೆ ಹೊಡ್ಕೊಳುತ್ತೆ. ಇಲ್ಲಿ ಕೂತ್ಕೊಳ್ಳಿ. ನೋಡಿ. ಹರಿದಾಗ ಹರೀತು ಅಂತ ಬಾಯ್ಬಿಟ್ಟು ಹೇಳಿ. ಹರೀದೇ ಇದ್ದಾಗ ಸುಮ್ನಿರಿ.”

ಕೂತೆ. ಹರಿದಾಗ ಹರಿಯಿತು ಎಂದೆ. ಹತ್ತು ಸಲ ಎಂದೆ. ಆರು ಸಲ ಸುಮ್ಮನಿದ್ದೆ. ಬೆರಳು ಹದಿನೆಂಟು ನಿರಿಗೆ ಹಿಡಿದು ಜುಟ್ಟು ತಿರುಪುವುದನ್ನು ಇಷ್ಟು ವರ್ಷದಲ್ಲಿ ನಾನು ಕೂತು ನೋಡಿರಲಿಲ್ಲ. ಅದರ ಬಗ್ಗೆ ಬರೆದದ್ದು ಮಾತ್ರ ಬೇಕಾದಷ್ಟಿದೆ.


ನವೆಂಬರ್ ೨೬, ಬುಧವಾರ

ನಾಲ್ಕು.


ನವೆಂಬರ್ ೨೮, ಶುಕ್ರವಾರ

ಎರಡು. ಎರಡಕ್ಕೇ ಹೊಟ್ಟೆ ತುಂಬಲಿಲ್ಲ, ಮನೆಯಲ್ಲಿ ಗಂಜಿ ಕುಡಿದೆ. ಮಗಳ ಮನೆಗೆ ಬಸ್ಸಿನ ಟಿಕೆಟ್ ತೆಗೆದಾಯ್ತಾ ಎಂದು ಪಾನ್ ಕೇಳಿದ್ದಕ್ಕೆ ಆಶಿಂಗ್, “ನಿಮಗ್ಯಾಕೆ, ಟ್ರಾಮ್ ಓಡಿಸ್ತೀರಾ?” ಎಂದರಂತೆ. ತೆಗೆದಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕೇಳಲು ನನಗೆ ಧೈರ್ಯವಿಲ್ಲ.


ನವೆಂಬರ್ ೩೦, ಭಾನುವಾರ

ಇವತ್ತು ಕೊನೆಯ ದಿನ. ಐದೂವರೆಗೇ ಹೋದೆ. ಎದುರಿನ ಸ್ಟೂಲಿನಲ್ಲಿ ಕೂತೆ. ಮೊದಲ ಬುಟ್ಟಿ, ಎಂಟು. ಸುಮ್ಮನಿದ್ದೆ. ಎರಡನೆಯದು, ಎಂಟು. ಸುಮ್ಮನಿದ್ದೆ. ಮೂರನೆಯದನ್ನು ಗೆನ್‌ದಿ ದೀಪದ ಕೆಳಗೆ ಹಿಡಿದಳು. ಎಂಟರ ಒಳಗೂ ಸಾರು ತೊನೆಯುತ್ತಿತ್ತು. ಸುಮ್ಮನಿದ್ದೆ. ಸುಮ್ಮನಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಆರನೆಯ ಬುಟ್ಟಿಯಾದ ಮೇಲೆ ಆಶಿಂಗ್ ಹೇಳಿದರು: “ಮೇಷ್ಟ್ರೇ, ಎದ್ದೇಳಿ. ನಾಳೆಗೆ ಇನ್ನೊಂದು ಮೂಟೆ ಹಿಟ್ಟು ಇಳಿಸ್ಬೇಕು, ಆ ಜಾಗ ಬೇಕು. ನಿಮಗೆ ಇಲ್ಲಿ ತಿನ್ನೋಕೆ ಏನೂ ಉಳಿದಿಲ್ಲ.”

“ನಾಳೆಗಾ?” ಎಂದಳು ಗೆನ್‌ದಿ.

“ನಾಳೆಗೇ. ಕಿವಿ ಕೇಳಲ್ವಾ ನಿಂಗೆ?”

ಗೆನ್‌ದಿ ಹಿಂದೆ ತಿರುಗಿ ಗಲ್ಲಾದಲ್ಲಿ ಏನೋ ಹುಡುಕತೊಡಗಿದಳು. ಬಹಳ ಹೊತ್ತು ಹುಡುಕಿದಳು.

ನಾನು ಹಿಂಬಾಗಿಲಿಂದ ಹೊರಗೆ ಬಂದು, ಓಣಿ ಸುತ್ತಿ, ಮುಂಬಾಗಿಲ ಸಾಲಿನ ಕೊನೆಗೆ ನಿಂತೆ. ಭಾನುವಾರ. ತೆಳ್ಳಗಿನವು ಮತ್ತೆ ಬರುತ್ತಿವೆಯೆಂದು ಪಾನ್ ಓಣಿಗೆಲ್ಲ ಸಾರಿದ್ದರಂತೆ, ಇಪ್ಪತ್ತು ಜನರಾದರೂ ಇದ್ದರು. ನನ್ನ ಮುಂದಿದ್ದ ಯುವಕ ಹಿಂದೆ ತಿರುಗಿ ಕೇಳಿದ, “ಅಂಕಲ್, ಇಲ್ಲಿ ಸಾರುಗಡುಬು ಚೆನ್ನಾಗಿರುತ್ತಾ?”

“ಗೊತ್ತಿಲ್ಲಪ್ಪ,” ಎಂದೆ, “ನಾನಿನ್ನೂ ತಿಂದಿಲ್ಲ.”